ಕೊನೆಯ ಎಲೆಯನ್ನೂ ಮುಚ್ಚಿಡುವ ಮನೆ

ಹಿಂದೂಪುರದಲ್ಲಿ ನಾವು ಆಡುವ ಬ್ಲಫ್‌ಗೆ ನಿಯಮ ಕಡಿಮೆ, ಜಗಳ ಜಾಸ್ತಿ. ಹುಣಸೆಹಣ್ಣಿನ ಮಾರ್ಕೆಟ್ಟಿನ ಹೊರಗೆ ಬೇವಿನ ಮರದ ಕೆಳಗೆ ನಮ್ಮ ಲಗೇಜ್ ಆಟೋಗಳು ನಿಲ್ಲುತ್ತವೆ. ಬಾಡಿಗೆ ಬರುವವರೆಗೆ ಸುಮ್ಮನೆ ಕೂರಬೇಕು. ಸುಮ್ಮನೆ ಕೂರಲು ಆಗುವುದಿಲ್ಲ. ಯಾರದೋ ಆಟೋದ ಹಿಂಬದಿಯ ಹಲಗೆ ಇಳಿಸಿ, ಗೋಣಿಚೀಲ ಹಾಸಿ, ಇಸ್ಪೀಟು ತೆಗೆಯುತ್ತೇವೆ. ದುಡ್ಡು ಕಟ್ಟುವುದಿಲ್ಲ. ಸೋತವನು ಎಲ್ಲರ ಆಟೋದ ಮುಂದಿನ ಗಾಜು ಒರೆಸಬೇಕು, ಅಷ್ಟೇ. ಹುಣಸೆಹಣ್ಣಿನ ಅಂಟು, ಅದರ ಮೇಲೆ ಧೂಳು. ಒಣಬಟ್ಟೆಗೆ ಹೋಗುವುದಿಲ್ಲ, ನೀರು ಹಾಕಿ ಉಜ್ಜಬೇಕು. ಅದಕ್ಕೆ ಎಲ್ಲರೂ ಜೀವ ಬಿಟ್ಟು ಆಡುತ್ತಾರೆ.

ಆಟ ಹೀಗೆ. ಎಲೆಗಳನ್ನೆಲ್ಲ ಹಂಚಿಬಿಡಬೇಕು. ಮೊದಲನೆಯವನು ಒಂದೋ ಎರಡೋ ಮೂರೋ ಎಲೆಯನ್ನು ಕವುಚಿ ನಡುವೆ ಇಟ್ಟು "ಎರಡು ರಾಣಿ" ಎನ್ನುತ್ತಾನೆ. ರಾಣಿಯನ್ನೇ ಇಟ್ಟಿರಬೇಕು ಅಂತಿಲ್ಲ, ಯಾವುದೋ ಕೆಲಸಕ್ಕೆ ಬಾರದ ಎಲೆ ಇಟ್ಟಿರಬಹುದು. ಪಕ್ಕದವನು ತಾನೂ ರಾಣಿ ಎಂದು ಹೇಳಿ ಅದರ ಮೇಲೆ ಇಡಬೇಕು, ಇಲ್ಲ ಪಾಸ್ ಎನ್ನಬೇಕು, ಇಲ್ಲ "ಸುಳ್ಳು" ಎನ್ನಬೇಕು. ಸುಳ್ಳು ಎಂದರೆ ಕೊನೆಗೆ ಬಿದ್ದ ಎಲೆಗಳನ್ನು ತಿರುಗಿಸಿ ನೋಡುತ್ತಾರೆ. ಸುಳ್ಳಾಗಿದ್ದರೆ ಇಟ್ಟವನು ರಾಶಿ ಪೂರ್ತಿ ಎತ್ತಿಕೊಳ್ಳಬೇಕು. ನಿಜವಾಗಿದ್ದರೆ ಬಾಯಿ ಬಿಟ್ಟವನು ಎತ್ತಿಕೊಳ್ಳಬೇಕು. ಯಾರ ಕೈ ಮೊದಲು ಖಾಲಿಯೋ ಅವನು ಗೆದ್ದ.

ನಾವು ಜನ ಜಾಸ್ತಿ, ಅದಕ್ಕೆ ಎರಡು ಕಟ್ಟು ಸೇರಿಸಿ ಕಲೆಸುತ್ತೇವೆ. ಆಗ ರಾಣಿ ಎಂಟಾಗುತ್ತವೆ. ಒಂದು ದಿನ ಒಂದೇ ಸುತ್ತಿನಲ್ಲಿ ಎಂಟಕ್ಕಿಂತ ಎಷ್ಟೋ ಜಾಸ್ತಿ ರಾಣಿ ಬಿದ್ದವು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ತಮ್ಮ ಕೈ ಖಾಲಿ ಮಾಡುವುದೇ ಮುಖ್ಯ. ನಿಜವಾದ ರಾಣಿಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಲ್ಲೇ ಇದ್ದವು. ಸುಳ್ಳು ಎಂದು ಹೇಳಬೇಕಾದವನು ನಾನೇ. ನಗು ಬಂದು ಬಾಯಿಂದ ಮಾತೇ ಹೊರಡಲಿಲ್ಲ. ಅವತ್ತೂ ಗಾಜು ಒರೆಸಿದ್ದು ನಾನೇ.

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಒಳ್ಳೆಯತನ ಅಲ್ಲ, ಬರುವುದಿಲ್ಲ ಅಷ್ಟೇ, ಈಜು ಬರುವುದಿಲ್ಲ ಎಂದ ಹಾಗೆ. ಆದರೂ ನಮ್ಮ ಕಡೆ ಒಂದು ಅನುಕೂಲ ಇತ್ತು. ಹಿಂದೂಪುರದ ಆಟದಲ್ಲಿ ಕೊನೆಯ ಎಲೆಯನ್ನು ತೆರೆದೇ ಇಡಬೇಕು. ಅಲ್ಲಿ ಸುಳ್ಳು ನಡೆಯುವುದಿಲ್ಲ. ಹೇಗೋ ಕೊನೆಗೆ ಒಂದು ಸರಿಯಾದ ಎಲೆ ಉಳಿಸಿಕೊಂಡರೆ ನನ್ನಂಥವನೂ ಒಂದೊಂದು ಸಲ ಗೆಲ್ಲುತ್ತಾನೆ. ಎಲ್ಲ ಊರಲ್ಲೂ ಹೀಗೇ ಆಡುತ್ತಾರೆ ಅಂದುಕೊಂಡಿದ್ದೆ.

ನಮ್ಮ ಮನೆ ಇರುವುದು ಪರಿಗಿ ಹತ್ತಿರದ ಹಳ್ಳಿಯಲ್ಲಿ. ಮನೆಯಲ್ಲಿ ಅಮ್ಮ, ನಾನು. ಅಕ್ಕನನ್ನು ಕಲ್ಯಾಣದುರ್ಗದ ಕಡೆ ಕೊಟ್ಟಿದ್ದೇವೆ. ಹೋದ ವರ್ಷ ಬೇಸಿಗೆಯಲ್ಲಿ ಅವಳಿಗೆ ಏಳು ತಿಂಗಳು ನಡೆಯುತ್ತಿತ್ತು, ಚೊಚ್ಚಲು. ನಮ್ಮಲ್ಲಿ ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಏಳರಲ್ಲಿ ಕರೆದುಕೊಂಡು ಬರುತ್ತಾರೆ. ಎಂಟಕ್ಕೆ ಬಿದ್ದರೆ ಬಸುರಿಯನ್ನು ಊರು ದಾಟಿಸುವುದಿಲ್ಲ, ಒಂಬತ್ತು ಬರುವವರೆಗೆ ಕಾಯಬೇಕು. ಏಳು ಮುಗಿಯುತ್ತಾ ಬಂದಿತ್ತು. ಅಮ್ಮ ಎರಡು ಸಲ ಫೋನ್ ಮಾಡಿ ಕೇಳಿದ್ದಳು. ಎರಡು ಸಲವೂ ಅಕ್ಕನ ಅತ್ತೆಯೇ ಫೋನ್ ತೆಗೆದುಕೊಂಡು, ಬಿತ್ತನೆ ಬೀಜ ಸುಲಿಯುವುದು ಮುಗಿಯಲಿ, ಆಮೇಲೆ ನೋಡೋಣ ಎಂದಿದ್ದರು.

ಅಮ್ಮನಿಗೆ ಉರಿದುಹೋಯಿತು. ಆಕೆಗೆ ಸೊಸೆ ಬೇಡ ಕೂಲಿಯವಳು ಬೇಕು ಎಂದಳು. ತನ್ನ ಮಗಳು ಅಲ್ಲಿ ಅಳುತ್ತಾ ಕೂತಿರುತ್ತಾಳೆ ಎಂದಳು. ಇನ್ನೂ ಏನೇನೋ ಅಂದಳು, ಬರೆಯುವಂಥದ್ದಲ್ಲ. ನಾನೂ ಹೂಂ ಎಂದೆ. ಬೆಳಿಗ್ಗೆ ಎದ್ದರೆ ಅಮ್ಮ ಚೀಲ ರೆಡಿ ಮಾಡಿಟ್ಟಿದ್ದಳು.

"ಹೋಗ್ಲಾ, ಕರ್ಕೊಂಡೇ ಬಾ. ಅವ್ಳಿಲ್ದೆ ಒಬ್ನೇ ಬಂದ್ಬುಟ್ಟೆ ಅಂದ್ರೆ ಬಾಗ್ಲು ತೆಗಿಯಲ್ಲ" ಎಂದಳು.

ಆಟೋವನ್ನು ಗೆಳೆಯನಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಕಲ್ಯಾಣದುರ್ಗ ಸೇರಿದೆ. ಅಕ್ಕನ ಊರು ಅಲ್ಲಿಂದ ಕಂಬದೂರಿನ ದಾರಿಯಲ್ಲಿ. ಆ ದಾರಿಯಲ್ಲಿ ಸರ್ವೀಸ್ ಜೀಪು ಓಡಿಸುವವನು ನಮ್ಮ ಭಾವನೇ. ಅವನ ಜೀಪು ಆಗಲೇ ಹೊರಟುಹೋಗಿತ್ತು, ನಾನು ಬೇರೆ ಆಟೋ ಹಿಡಿದೆ.

ಮನೆಯ ನಡುವೆ ಕಡ್ಲೆಕಾಯಿಯ ರಾಶಿ. ನನ್ನ ಸೊಂಟದ ಎತ್ತರಕ್ಕೆ ಇತ್ತು. ರಾಶಿಯ ಸುತ್ತ ಅಕ್ಕ, ಅತ್ತೆ, ಮಾವ ಕೂತಿದ್ದರು. ಅಕ್ಕ ಗೋಡೆಗೆ ದಿಂಬು ಇಟ್ಟುಕೊಂಡು, ಕಾಲು ಚಾಚಿ ಕೂತಿದ್ದಳು. ಅಳುತ್ತಿರಲಿಲ್ಲ. ಕೈಯಲ್ಲಿ ಇಸ್ಪೀಟಿನ ಎಲೆಗಳಿದ್ದವು.

ಈ ಕಡೆ ಬಿತ್ತನೆ ಬೀಜವನ್ನು ಮಿಷಿನ್ನಿಗೆ ಹಾಕುವುದಿಲ್ಲ. ಮಿಷಿನ್ನಿನಲ್ಲಿ ಕಾಳು ಸೀಳುತ್ತದೆ, ಮೇಲಿನ ಸಿಪ್ಪೆ ಹೋಗುತ್ತದೆ, ಅಂಥದ್ದು ಮೊಳೆಯುವುದಿಲ್ಲ. ಎಣ್ಣೆಗಾದರೆ ಪರವಾಗಿಲ್ಲ. ಬೀಜಕ್ಕೆ ಕೈಯಲ್ಲೇ ಒಂದೊಂದಾಗಿ ಸುಲಿಯಬೇಕು. ನೀರು ಚಿಮುಕಿಸಿ, ಕಾಯಿಯ ಮೂತಿ ಒತ್ತಿ ಬಿಡಿಸಬೇಕು. ಅರ್ಧ ದಿನಕ್ಕೆ ಹೆಬ್ಬೆರಳು ಉರಿಯುತ್ತದೆ. ಈಗ ತುಂಬಾ ಮನೆಯವರು ಬೀಜ ಕೊಂಡೇ ತರುತ್ತಾರೆ. ಅಕ್ಕನ ಅತ್ತೆ ಮಾತ್ರ ಮನೆಯ ಬೀಜ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಈ ಬೇಜಾರಿನ ಕೆಲಸಕ್ಕೆ ಅವರು ಇಸ್ಪೀಟು ಸೇರಿಸಿಕೊಂಡಿದ್ದರು. ಆಟದಲ್ಲಿ ಯಾರು ಎಲೆಯ ರಾಶಿ ಎತ್ತುತ್ತಾರೋ ಅವರು ಒಂದು ಸೇರು ಕಾಯಿ ಸುಲಿಯಬೇಕು. ಸುಲಿಯುತ್ತಲೇ ಆಡಬೇಕು.

ಅತ್ತೆ ನೀರು ಕೊಟ್ಟರು. ಕುಡಿದು ಚೊಂಬು ಕೆಳಗಿಟ್ಟೆ.

"ಅಕ್ಕನ್ನ ಕರ್ಕೊಂಡು ಹೋಗಾಕೆ ಬಂದಿದೀನಿ ಅತ್ತೆ. ನಾಳೆ ಬೆಳಿಗ್ಗೆ ಹೊರಡ್ತೀವಿ" ಎಂದೆ.

"ಬೀಜ ಆಗ್ಲಿ ಕಣಪ್ಪ" ಎಂದರು.

"ಬೀಜ ಆಗಾಗಂಟ ಎಂಟಕ್ಕೆ ಬೀಳ್ತದೆ."

"ಬಿದ್ರೆ ಒಂಬತ್ತಕ್ಕೆ ಬಾ."

ನಾನು ಅಕ್ಕನ ಕಡೆ ನೋಡಿದೆ. ಅವಳು ತನ್ನ ಎಲೆಗಳನ್ನು ಜೋಡಿಸುತ್ತಾ ತಲೆ ತಗ್ಗಿಸಿದಳು. ಅತ್ತೆಯ ಎದುರು ಬಾಯಿ ಬಿಡಲು ಹೆದರುತ್ತಿದ್ದಾಳೆ ಅಂದುಕೊಂಡೆ. ನನಗೆ ರೇಗಿತು. ಬಸುರಿಯ ಕೈಯಲ್ಲಿ ಕಾಯಿ ಸುಲಿಸುತ್ತೀರಲ್ಲ ಎಂದೆ. ಅವಳು ಸುಲಿದದ್ದು ಎಷ್ಟು ನೋಡು ಎಂದು ಅತ್ತೆ ಅಕ್ಕನ ಮುಂದಿನ ಮೊರ ತೋರಿಸಿದರು. ಒಂದು ಹಿಡಿಯೂ ಇರಲಿಲ್ಲ. ಅಕ್ಕ ಸೋಲುತ್ತಲೇ ಇರಲಿಲ್ಲವಂತೆ. ಸುಲಿಯುತ್ತಿದ್ದವರು ಅತ್ತೆ, ಮಾವ.

ಮಾತು ಎಲ್ಲಿಗೂ ಹೋಗಲಿಲ್ಲ. ನಾನು ಕರೆದುಕೊಂಡು ಹೋಗುತ್ತೇನೆ ಎನ್ನುವುದು, ಅವರು ಬೀಜ ಆಗಲಿ ಎನ್ನುವುದು. ಕೊನೆಗೆ ಅತ್ತೆಯೇ ಎಲೆ ಕಲೆಸುತ್ತಾ ಒಂದು ದಾರಿ ಹೇಳಿದರು. ಒಂದೇ ಆಟ. ನಾನು ಗೆದ್ದರೆ ಬೆಳಿಗ್ಗೆ ಅಕ್ಕನನ್ನು ಕರೆದುಕೊಂಡು ಹೋಗಬಹುದು. ಬೇರೆ ಯಾರು ಗೆದ್ದರೂ ಅಕ್ಕ ಒಂಬತ್ತು ಬೀಳುವವರೆಗೆ ಇಲ್ಲೇ, ಮತ್ತೆ ನಾವು ಫೋನ್ ಮಾಡಿ ತಲೆ ತಿನ್ನುವಂತಿಲ್ಲ. ಕಲ್ಯಾಣದುರ್ಗದ ಹಳ್ಳಿಯವರಿಗೆ ಬ್ಲಫ್ ಏನು ಗೊತ್ತಿರುತ್ತದೆ ಅಂದುಕೊಂಡು ಒಪ್ಪಿಬಿಟ್ಟೆ. ಅಕ್ಕನೂ ಆಡುತ್ತಾಳೆ, ಅಂದರೆ ನಮ್ಮ ಕಡೆಯವರು ಇಬ್ಬರು, ಅವರ ಕಡೆಯವರು ಇಬ್ಬರು ಎಂದೂ ಎಣಿಸಿಕೊಂಡೆ.

ಕೂತ ಮೇಲೆ ಗೊತ್ತಾಯಿತು, ಇವರ ಆಟವೇ ಬೇರೆ.

ಇಲ್ಲಿ ಪಾಸ್ ಇಲ್ಲ. ಮೊದಲನೆಯವರು ಎಕ್ಕ ಎಂದರೆ ಎರಡನೆಯವರು ಎರಡು ಎನ್ನಬೇಕು, ಮೂರನೆಯವರು ಮೂರು, ಹೀಗೆ ರಾಜನವರೆಗೆ ಏರಿ ಮತ್ತೆ ಎಕ್ಕಕ್ಕೆ ಬರಬೇಕು. ನಿನ್ನ ಹತ್ತಿರ ಆ ಎಲೆ ಇಲ್ಲದಿದ್ದರೂ ಅದೇ ಹೆಸರು ಹೇಳಿ ಏನೋ ಒಂದು ಇಡಲೇಬೇಕು. ಅಂದರೆ ಸುಳ್ಳು ಹೇಳದೆ ಈ ಮನೆಯಲ್ಲಿ ಆಡಲು ಆಗುವುದೇ ಇಲ್ಲ. ಸುಳ್ಳು ಎಂದು ಕೂಗುವುದಿಲ್ಲ, "ತಿಪ್ಪು" ಎನ್ನುತ್ತಾರೆ, ತೆಲುಗಿನಲ್ಲಿ ತಿರುಗಿಸು ಎಂದು. ಮನೆಯಲ್ಲಿ ಯಾರನ್ನೂ ಸುಳ್ಳ ಎನ್ನಬಾರದು, ಎಲೆಯನ್ನು ತಿರುಗಿಸು ಎಂದರೆ ಸಾಕು ಎಂಬುದು ಅತ್ತೆಯ ಲೆಕ್ಕ.

ಇನ್ನೊಂದು ನಿಯಮ ಇತ್ತು. ಅಂಥದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತಿಪ್ಪು ಎನ್ನುವ ಮೊದಲು ಎಲೆ ಇಟ್ಟವರಿಗೆ ಒಂದು ಪ್ರಶ್ನೆ ಕೇಳಬಹುದು. ಎಲೆಯ ಬಗ್ಗೆ ಕೇಳುವಂತಿಲ್ಲ. ಬೇರೆ ಏನಾದರೂ ಕೇಳಬಹುದು, ಅದಕ್ಕೆ ನಿಜವನ್ನೇ ಹೇಳಬೇಕು. ಎಲೆಯಲ್ಲಿ ಎಷ್ಟು ಸುಳ್ಳಾದರೂ ಆಡು, ಪ್ರಶ್ನೆಗೆ ಸುಳ್ಳು ಹೇಳಿದರೆ ಆಟದಿಂದ ಆಚೆ. ಕೈ ಸುಳ್ಳು ಹೇಳುತ್ತಿರುವಾಗ ಬಾಯಿ ನಿಜ ಹೇಳಬೇಕಾದರೆ ಮನುಷ್ಯ ತಡವರಿಸುತ್ತಾನೆ. ಆಗ ಹಿಡಿಯಬಹುದು.

ಕೊನೆಯ ಎಲೆಯನ್ನಾದರೂ ತೆರೆದು ಇಡುತ್ತೀರೋ ಇಲ್ಲವೋ ಎಂದು ಕೇಳಿದೆ.

"ಅದನ್ನೂ ಮುಚ್ಚೇ ಇಡಾದು" ಎಂದರು ಅತ್ತೆ. "ತೆರೆದಿಡಾಕೆ ಇದೇನು ಪಂಚಾಯ್ತಿನಾ?"

ಹಿಂದೂಪುರದ ನಿಯಮವೇ ಸರಿ ಎಂದು ಸ್ವಲ್ಪ ಹೊತ್ತು ಕಿತ್ತಾಡಿದೆ. ಯಾರ ಮನೆಯಲ್ಲಿ ಕೂತಿದ್ದೀಯೋ ಅವರ ನಿಯಮ ಎಂದು ಮಾವ ಹೇಳಿದರು. ನಾನು ಬಂದ ಮೇಲೆ ಮಾವ ಆಡಿದ ಮೊದಲ ಮಾತು ಅದೇ. ಅವರ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ. ಎಕ್ಕ ಇಟ್ಟಾಗಲೂ ಅದೇ ಮುಖ, ಸುಳ್ಳು ಇಟ್ಟಾಗಲೂ ಅದೇ ಮುಖ, ಮಜ್ಜಿಗೆ ಕುಡಿಯುವಾಗಲೂ ಅದೇ.

ಆಟ ಶುರುವಾಯಿತು. ಮೊದಲ ಸುತ್ತಿನಲ್ಲೇ ಅತ್ತೆ ನನ್ನನ್ನು ಹಿಡಿದರು. ನಾನು ಎರಡು ಎಲೆ ಇಟ್ಟು ಜಾಕಿ ಎಂದೆ. ಅತ್ತೆ ಕಾಯಿ ಸುಲಿಯುತ್ತಾ, ತಲೆ ಎತ್ತದೆ, ಬಸ್ಸಿನಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು ಎಂದು ಕೇಳಿದರು. ಯಾರೋ ಒಬ್ಬ ಮುದುಕ ಕೂತಿದ್ದ, ನಿಜ. ಆದರೆ ನಾನು ಅಯ್ಯೋ ಅದು ಎಂದೆ, ಒಬ್ಬರು ಎಂದೆ, ಕೈ ಒರೆಸಿಕೊಂಡೆ. "ತಿಪ್ಪು" ಎಂದರು. ರಾಶಿ ನನಗೆ ಬಂತು, ಒಂದು ಸೇರು ಕಾಯಿಯೂ ಬಂತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಿಂದೂಪುರದೋನ್ ಬಂದವ್ನೆ ನೋಡು, ಸೇರ್‌ಗಟ್ಲೆ ಸುಲ್ಕೊಡಾಕೆ" ಎಂದರು ಅತ್ತೆ.

ಅಕ್ಕನೂ ನನಗೆ ಕನಿಕರ ತೋರಲಿಲ್ಲ. ಅವಳು ಮದುವೆಗೆ ಮೊದಲು ಇಸ್ಪೀಟು ಮುಟ್ಟಿದವಳಲ್ಲ. ಇಲ್ಲಿ ಅತ್ತೆಯೇ ಕಲಿಸಿದ್ದು. ಈಗ ನಾಲ್ಕು ಎಲೆ ಇಟ್ಟು ಮೂರೇ ಎಲೆ ಎನ್ನುವುದು, ಹಿಡಿದರೆ ಹೊಟ್ಟೆ ಮುಂದೆ ಮಾಡಿ ಬಸುರಿ ಮೇಲೆ ಅನುಮಾನವಾ ಎನ್ನುವುದು, ಎಲ್ಲ ಕಲಿತಿದ್ದಳು. ಹಾಗೆ ಎಣಿಕೆ ತಪ್ಪಿಸುವುದು ಹಿಂದೂಪುರದಲ್ಲಿ ಮಹಾ ಮೋಸ. ಇಲ್ಲಿ ಸಿಕ್ಕಿಬಿದ್ದರೆ ಮಾತ್ರ ಮೋಸ.

ಸ್ವಲ್ಪ ಹೊತ್ತಿಗೆ ನನಗೂ ಜಾಡು ಸಿಕ್ಕಿತು. ಪ್ರಶ್ನೆ ಕೇಳುವ ಸರದಿಗೆ ಕಾದಿದ್ದೆ. ಅತ್ತೆ ಒಂದು ಎಲೆ ಇಟ್ಟು ಒಂಬತ್ತು ಎಂದರು. ಪ್ರಶ್ನೆ ಇದೆ ಎಂದೆ. ಕೇಳು ಎಂದರು.

"ಅಕ್ಕನ್ನ ಯಾಕೆ ಕಳಿಸ್ತಿಲ್ಲ?"

ಅಕ್ಕನ ಕೈ ನಿಂತಿತು. ಮಾವ ಕಣ್ಣೆತ್ತಿ ಹೆಂಡತಿಯನ್ನು ನೋಡಿದರು. ಆ ಮನೆಯಲ್ಲಿ ಮಾವನ ಮುಖ ಅಲ್ಲಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆ ಮಾತ್ರ ಕಾಯಿಯ ಸಿಪ್ಪೆ ಪಕ್ಕಕ್ಕೆ ಹಾಕಿ, ನೆಟ್ಟಗೆ ನನ್ನನ್ನೇ ನೋಡಿದರು.

"ಬೀಜಕ್ಕೆ ಜನ ಸಾಲ್ದು. ನಂಗೆ ಕೆಲ್ಸ ಆಗ್ಬೇಕು, ಅದಕ್ಕೆ" ಎಂದರು.

ಸುಲಿಯದೇ ಕೂತಿದ್ದ ಅಕ್ಕನನ್ನು ಮುಂದೆ ಇಟ್ಟುಕೊಂಡು ಹೀಗೆ ಹೇಳಿದರಲ್ಲ ಎಂದು ಸಿಟ್ಟು ಬಂತು. ಸಿಟ್ಟಿನಲ್ಲಿ ತಿಪ್ಪು ಎಂದೆ. ತಿರುಗಿಸಿದರೆ ನಿಜವಾದ ಒಂಬತ್ತು. ಮತ್ತೆ ರಾಶಿ ನನಗೆ, ಮತ್ತೆ ಒಂದು ಸೇರು.

ಮಧ್ಯಾಹ್ನ ಬಾಗಿಲ ಮುಂದೆ ಜೀಪು ನಿಂತ ಸದ್ದಾಯಿತು. ಭಾವ ಊಟಕ್ಕೆ ಬಂದಿದ್ದ. ಅವನ ಜೀಪು ಇದೇ ಊರಿನ ಮೇಲೆ ಹೋಗುತ್ತದೆ. ದಿನಾ ಈ ಹೊತ್ತಿಗೆ ಪ್ಯಾಸೆಂಜರುಗಳನ್ನು ಟೀ ಅಂಗಡಿ ಹತ್ತಿರ ಇಳಿಸಿ, ಓಡಿ ಬಂದು ಉಂಡು ಹೋಗುತ್ತಾನಂತೆ. ಜೀಪಿನ ಸದ್ದು ಕೇಳಿದ ಕೂಡಲೇ ಅಕ್ಕ ಎಲೆಗಳನ್ನು ದಿಂಬಿನ ಕೆಳಗೆ ಇಟ್ಟು, ಗೋಡೆ ಹಿಡಿದು ಎದ್ದಳು. ನಾನು ಬಡಿಸುತ್ತೇನೆ ಕೂತಿರು ಎಂದು ಅತ್ತೆ ಹೇಳಲಿಲ್ಲ. ನನಗೆ ಅದೂ ತಪ್ಪಾಗಿ ಕಂಡಿತು. ಒಳಗಿಂದ ಇಬ್ಬರೂ ಮೆಲ್ಲಗೆ ಮಾತಾಡುವುದು ಕೇಳುತ್ತಿತ್ತು, ಆಮೇಲೆ ನಗು. ಭಾವ ಹೊರಗೆ ಬಂದು ನನ್ನ ಬೆನ್ನಿಗೆ ಒಂದು ಗುದ್ದಿ, ನನ್ನ ಮುಂದಿನ ಕಾಯಿ ನೋಡಿ, ಬಾಮೈದನಿಗೆ ಒಳ್ಳೆ ಕೆಲಸ ಸಿಕ್ಕಿದೆ ಎಂದು ಹೇಳಿ ಜೀಪು ಹತ್ತಿದ. ಟೀ ಮುಗಿಸಿ ಬಂದ ಪ್ಯಾಸೆಂಜರುಗಳು ಆಗಲೇ ಹೊರಗೆ ಹಾರ್ನ್ ಒತ್ತುತ್ತಿದ್ದರು.

ಅಕ್ಕ ಮತ್ತೆ ಬಂದು ಕೂತಳು. ಆಟ ಮುಂದುವರಿಯಿತು.

ಊಟದ ನಂತರ ಅದೃಷ್ಟ ನನ್ನ ಕಡೆ ತಿರುಗಿತು. ಹೇಳಬೇಕಾದ ಎಲೆಯೇ ನನ್ನ ಕೈಯಲ್ಲಿ ಇರುತ್ತಿತ್ತು. ಅತ್ತೆ ಎರಡು ಸಲ ತಿಪ್ಪು ಎಂದು ಎರಡು ಸಲವೂ ರಾಶಿ ಎತ್ತಿಕೊಂಡರು. ಮಾವನ ಕೈಯಲ್ಲಿ ಬೇಕಾದಷ್ಟು ಎಲೆ ಇತ್ತು. ಅಕ್ಕನ ಹತ್ತಿರ ಐದಾರು. ನನ್ನ ಕೈಯಲ್ಲಿ ಉಳಿದದ್ದು ಒಂದು.

ಆ ಒಂದು ಎಲೆ ರಾಜ. ನಾನು ಹೇಳಬೇಕಾಗಿದ್ದದ್ದು ಏಳು.

ಕೊನೆಯ ಎಲೆಗೆ ಹಿಂದೂಪುರದ ನಿಯಮವಾಗಿದ್ದರೆ ಇಲ್ಲಿಗೇ ಮುಗಿಯಿತು. ತೆರೆದು ಇಡಬೇಕು, ಸಿಕ್ಕಿಬೀಳಬೇಕು. ಇಲ್ಲಿ ಮುಚ್ಚಿ ಇಡಬಹುದು. ಜೀವನದಲ್ಲಿ ಒಂದೇ ಒಂದು ಸುಳ್ಳು ಸರಿಯಾಗಿ ಹೇಳಿದರೆ ಅಕ್ಕ ನಾಳೆ ಅಮ್ಮನ ಹತ್ತಿರ ಇರುತ್ತಾಳೆ. ಎಲೆ ಇಟ್ಟು, ಏಳು ಎಂದೆ. ಮೆಲ್ಲಗೆ, ಬೇಜಾರಾದವನ ಥರ ಹೇಳಿದೆ.

ಅತ್ತೆ ನನ್ನನ್ನು ನೋಡಿದರು. ಈಗ ತಾನೇ ಎರಡು ಸಲ ಸೋತಿದ್ದರು. ಮೂರನೆಯ ಸಲ ಬಾಯಿ ಬಿಡಲು ಹಿಂಜರಿದರು. ಬಿಟ್ಟೆ ಎಂದರು. ಮಾವ ತಲೆ ಆಡಿಸಿ ಬಿಟ್ಟರು. ನಾನು ಗೆದ್ದೆ ಅಂದುಕೊಂಡು ಅಕ್ಕನ ಕಡೆ ತಿರುಗಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ.

"ಒಂದ್ ಪ್ರಶ್ನೆ ಕಣ್ಲಾ" ಎಂದಳು ಅಕ್ಕ. "ಅಮ್ಮ ನಂಗೇಂತ ಏನೇನ್ ಮಾಡಿ ಇಟ್ಟವ್ಳೆ?"

ನಾನು ಹೇಳಿದೆ. ಒಳಮನೆಗೆ ಸುಣ್ಣ ಬಳಿಸಿದ್ದಾಳೆ, ರಾಗಿ ಹುರಿಹಿಟ್ಟು ಮಾಡಿದ್ದಾಳೆ, ಒಣಶುಂಠಿ ಕುಟ್ಟಿ ಡಬ್ಬಿಗೆ ಹಾಕಿದ್ದಾಳೆ, ನಿನ್ನ ಹಳೆ ಸೀರೆಗಳನ್ನು ಒಗೆದು ಮಗುವಿಗೆ ಬಟ್ಟೆ ಹರಿದಿಟ್ಟಿದ್ದಾಳೆ. ಎಲ್ಲ ನಿಜವೇ. ತಡವರಿಸಲೂ ಇಲ್ಲ. ಹೇಳುತ್ತಾ ಹೇಳುತ್ತಾ ಎಲೆಯ ಮೇಲೆ ಬೆರಳು ಒತ್ತಿ ಹಿಡಿದಿದ್ದೆ, ಗಾಳಿಗೆ ಹಾರುತ್ತದೆ ಎನ್ನುವ ಹಾಗೆ. ಗಾಳಿ ಇರಲಿಲ್ಲ.

ಅಕ್ಕನ ಕಣ್ಣು ತುಂಬಿತು. ಅವಳು ನನ್ನ ಬೆರಳನ್ನೇ ನೋಡಿದಳು.

"ತಿಪ್ಪು" ಎಂದಳು.

ಅಕ್ಕನೇ ಕೈ ಚಾಚಿ ನನ್ನ ಬೆರಳು ಎತ್ತಿ ಎಲೆ ತಿರುಗಿಸಿದಳು. ರಾಜ.

ನಾನು ಎದ್ದು ನಿಂತುಬಿಟ್ಟೆ. ನಿನಗೋಸ್ಕರ ಆಡುತ್ತಿದ್ದೇನೆ, ನಿನಗೇ ಬುದ್ಧಿ ಇಲ್ಲವಲ್ಲ ಎಂದೆ. ಆಟದ ಹುಚ್ಚಿನಲ್ಲಿ ಮನೆಯನ್ನೇ ಮರೆತೆಯಾ ಎಂದೆ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

"ನಂಗೇ ಬರಾಕೆ ಮನಸಿಲ್ಲ ಕಣ್ಲಾ" ಎಂದಳು. "ದಿನಾ ಮಧ್ಯಾಹ್ನ ಬತ್ತಾರೆ. ಉಂಡು ಹೋಯ್ತಾರೆ. ಅಷ್ಟೇ ಹೊತ್ತು. ಅಲ್ಲಿಗೆ ಬಂದ್ರೆ ಅದೂ ಇಲ್ಲ. ಇದನ್ನ ಅಮ್ಮನ ಹತ್ರ ಹೆಂಗೆ ಹೇಳ್ಲಿ? ನಾಚ್ಕೆ ಆಗಲ್ವಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಂದರೆ ಅತ್ತೆ ತಡೆದದ್ದಲ್ಲ. ಎರಡು ಸಲ ಫೋನ್ ಬಂದಾಗಲೂ ಅಕ್ಕನೇ ಅತ್ತೆಯ ಕೈಗೆ ಫೋನ್ ಕೊಟ್ಟು, ಏನಾದರೂ ಹೇಳಿ ಎಂದಿದ್ದಳು. ಅತ್ತೆ ಬೀಜದ ನೆಪ ಹೇಳಿದ್ದರು. ನಾನು ಪ್ರಶ್ನೆ ಕೇಳಿದಾಗ ಹೇಳಿದ್ದೂ ಅದೇ ನೆಪ. ಆ ಮನೆಯಲ್ಲಿ ಪ್ರಶ್ನೆಗೆ ಯಾರೂ ಸುಳ್ಳು ಹೇಳುವುದಿಲ್ಲ. ನಿಯಮ ಮಾಡಿದ ಅತ್ತೆಯೇ ಅವತ್ತು ಮುರಿದಿದ್ದರು. ಮಾವ ಕಣ್ಣೆತ್ತಿ ನೋಡಿದ್ದು ಅದಕ್ಕೆ.

ನಮ್ಮ ಮನೆಯಲ್ಲಿ ನಿಮ್ಮನ್ನು ಏನೇನು ಅನ್ನುತ್ತಿದ್ದಾರೆ ಗೊತ್ತಾ ಎಂದು ಅತ್ತೆಯನ್ನು ಕೇಳಿದೆ. ಅತ್ತೆ ಎಲೆಗಳನ್ನು ಒಟ್ಟು ಮಾಡುತ್ತಾ ಇದ್ದರು.

"ಅನ್ಲಿ ಬಿಡು. ಅತ್ತೆ ಅಂದ್ಮೇಲೆ ಹೆಂಗೂ ಅಂತಾರೆ. ನಾನು ಕೆಟ್ಟೋಳಾದ್ರೆ ಏನೂ ಹೋಗಲ್ಲ. ಮಗ್ಳೇ ತವರಿಗೆ ಬರಲ್ಲ ಅಂದ್ರೆ ನಿಮ್ಮಮ್ಮ ಅದನ್ನ ಜೀವ ಇರಾಗಂಟ ಮರೀತಾಳಾ?" ಎಂದರು.

ಅದೇ ಹೊತ್ತಿಗೆ ಅಮ್ಮನ ಫೋನ್ ಬಂತು. ನನ್ನ ಫೋನ್ ಸ್ಪೀಕರ್ ಹಾಕದಿದ್ದರೆ ಕೇಳುವುದಿಲ್ಲ. ಮನೆಯವರೆಲ್ಲ ಕೇಳುವ ಹಾಗೆ ಅಮ್ಮ, ಯಾವ ಬಸ್ಸಿಗೆ ಹೊರಡುತ್ತೀರಿ ಎಂದಳು. ಅತ್ತೆ ನನ್ನ ಕಡೆ ಕೈ ಆಡಿಸಿ, ನನ್ನ ಮೇಲೆ ಹಾಕು ಎಂದು ಸನ್ನೆ ಮಾಡಿದರು.

"ಅತ್ತೆ ಕಳ್ಸಲ್ಲ ಅಂತಾವ್ರೆ" ಎಂದೆ.

ಅಮ್ಮ ಶುರು ಮಾಡಿದಳು. ಮೊದಲೇ ಹೇಳಿದೆನಲ್ಲ, ಬರೆಯುವಂಥದ್ದಲ್ಲ. ಅತ್ತೆಯ ಹುಟ್ಟಿದ ಊರಿನವರೆಗೂ ಹೋದಳು. ಅತ್ತೆ ಕಾಯಿ ಸುಲಿಯುತ್ತಾ ಕೂತು ಕೇಳುತ್ತಿದ್ದರು. ಒಂದು ಕಡೆ ಮಾತ್ರ ತಲೆ ಆಡಿಸಿದರು, ಹೌದು ಅದು ನಿಜ ಎನ್ನುವ ಹಾಗೆ. ಅಕ್ಕ ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ನನಗೆ ತಡೆಯಲು ಆಗಲಿಲ್ಲ.

"ಸುಳ್ಳು ಕಣಮ್ಮ" ಎಂದೆ. "ಅತ್ತೆ ತಡೀತಾ ಇಲ್ಲ. ಅಕ್ಕನಿಗೇ ಭಾವನ ಬಿಟ್ಟು ಬರಾಕೆ ಇಷ್ಟ ಇಲ್ಲ."

ಅಕ್ಕ ಕೈಗೆ ಸಿಕ್ಕ ಕಡ್ಲೆಕಾಯಿ ತೆಗೆದು ನನ್ನ ಮುಖಕ್ಕೆ ಎಸೆದಳು. ಫೋನ್ ಕಟ್ಟಾಯಿತಾ ಎಂದು ನೋಡಿದೆ, ಆಗಿರಲಿಲ್ಲ.

"ಅಳಿಯ ದಿನಾ ಊಟಕ್ಕೆ ಮನೆಗೆ ಬತ್ತಾನೇನ್ಲಾ?" ಎಂದು ಕೇಳಿದಳು.

"ಬತ್ತಾನೆ."

"ಇವ್ಳೇ ಬಡಿಸ್ತಾಳಾ?"

"ಹೂಂ. ಎದ್ದು ಹೋಗಿ ಬಡಿಸ್ತಾಳೆ."

ಆ ಕಡೆ ನಗು ಕೇಳಿತು. ಅಮ್ಮ ಹಾಗೆ ನಕ್ಕದ್ದನ್ನು ನಾನು ಕೇಳಿ ತುಂಬಾ ಕಾಲವಾಗಿತ್ತು. ಅಪ್ಪ ಇಲ್ಲದ ಮೇಲೆ ಅಪ್ಪನ ಮಾತು ಬಂದರೆ ಎದ್ದು ಹೋಗುತ್ತಿದ್ದವಳು, ಅವತ್ತು ತಾನೇ ಹೇಳಿದಳು. ಅಕ್ಕ ಹೊಟ್ಟೆಯಲ್ಲಿದ್ದಾಗ ಅಮ್ಮ ತವರಿಗೆ ಹೋಗಿದ್ದ ಕಾಲದಲ್ಲಿ, ಅಪ್ಪ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿಗೆ ಬರುತ್ತಿದ್ದನಂತೆ. ಒಂದು ಸಲ ಕೊಡಲಿ ಇಲ್ಲೇ ಬಿಟ್ಟುಹೋಗಿದ್ದೇನೆ, ತೆಗೆದುಕೊಂಡು ಹೋಗುತ್ತೇನೆ ಎಂದು ಬಂದನಂತೆ. ಅವನು ಅಲ್ಲಿಗೆ ಕೊಡಲಿ ತಂದೇ ಇರಲಿಲ್ಲ. ಅಜ್ಜಿ ಇಡೀ ಮನೆ ಹುಡುಕಿ, ಕೊನೆಗೆ ತಮ್ಮದೇ ಕೊಡಲಿ ಕೊಟ್ಟು ಕಳಿಸಿದಳಂತೆ. ಅಕ್ಕ ನಗುತ್ತಾ ಹೊಟ್ಟೆ ಹಿಡಿದುಕೊಂಡಳು. ಮಾವನ ಭುಜ ಅಲ್ಲಾಡುತ್ತಿತ್ತು, ಮುಖ ಮಾತ್ರ ಹಾಗೇ ಇತ್ತು.

"ಒಂಬತ್ತಕ್ಕೆ ಬರ್ಲಿ ಬಿಡು" ಎಂದಳು ಅಮ್ಮ. "ಫೋನು ಅವ್ರತ್ತೆ ಕೈಗೆ ಕೊಡು."

ಕೊಟ್ಟೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ಹಿಡಿದರು.

"ಅತ್ತಿಗೆ, ನಾನು ನಿಮ್ಮನ್ನ ಬಾಯಿಗೆ ಬಂದಂಗೆ ಅಂದ್ಬುಟ್ಟೆ" ಎಂದಳು ಅಮ್ಮ.

"ನಾನೇ ಅನ್ನಿಸ್ಕೊಂಡಿದ್ದು ಬಿಡಮ್ಮ" ಎಂದರು ಅತ್ತೆ. ಆಮೇಲೆ ಮಗಳನ್ನು ನೋಡಬೇಕು ಅಂತಿದ್ದರೆ ನೀನೇ ಇಲ್ಲಿಗೆ ಬಂದು ನಾಲ್ಕು ದಿನ ಇದ್ದು ಹೋಗು ಎಂದರು. ಬಂದು ಏನು ಮಾಡಲಿ ಎಂದು ಅಮ್ಮ ಕೇಳಿದಳು. ಎಲೆ ಆಡೋಣ ಎಂದರು ಅತ್ತೆ.

"ನಂಗೆ ಎಲೆ ಆಡಾಕೆ ಬರಲ್ಲ ಅತ್ತಿಗೆ."

"ಸುಳ್ಳು ಹೇಳಾಕೆ ಬತ್ತದಾ?"

"ಅದು ಬತ್ತದೆ."

"ಹಂಗಾದ್ರೆ ಬಾ. ನಿನ್ ಮಗನಿಗೆ ಅದೂ ಬರಲ್ಲ" ಎಂದರು ಅತ್ತೆ.

ಅಮ್ಮ ಆ ಶನಿವಾರವೇ ಬಂದಳು. ನಾನು ಅವತ್ತಿನವರೆಗೆ ಅಲ್ಲೇ ಉಳಿದು, ಸೋತ ಕಾಯಿಯನ್ನೆಲ್ಲ ಸುಲಿದು ಮುಗಿಸಿದೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹಿಂದೂಪುರಕ್ಕೆ ಹೋದರೆ ಬೇವಿನ ಮರದ ಕೆಳಗೆ ಎಲ್ಲರೂ ಏನಾಯಿತು ಎಂದು ಕೇಳಿದರು. ಹೊಸ ನಿಯಮ ಹೇಳಿಕೊಟ್ಟೆ. ಪ್ರಶ್ನೆಯ ನಿಯಮ ಅಲ್ಲಿ ಒಂದು ಮಧ್ಯಾಹ್ನವೂ ಬಾಳಲಿಲ್ಲ. ಇಬ್ಬರು ಕೈ ಕೈ ಮಿಲಾಯಿಸುವ ತನಕ ಹೋಗಿ ಬಿಟ್ಟುಬಿಟ್ಟೆವು.

ಅಮ್ಮ ನಾಲ್ಕು ದಿನಕ್ಕೆ ಎಂದು ಹೋದವಳು ಕಾಯಿಯ ರಾಶಿ ಮುಗಿಯುವವರೆಗೆ ಇದ್ದಳು. ಒಂಬತ್ತು ಬಿದ್ದ ಮೇಲೆ ಅಕ್ಕ ಪರಿಗಿಗೆ ಬಂದಳು. ಬಸ್ಸಿನಲ್ಲಿ ಅಲ್ಲ. ಭಾವ ಅವತ್ತು ಪ್ಯಾಸೆಂಜರು ಹತ್ತಿಸಲಿಲ್ಲ. ಜೀಪು ನಮ್ಮ ಮನೆ ಮುಂದೆ ನಿಂತಾಗ ಅಕ್ಕ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತಿದ್ದಳು. ಇಳಿಯುವುದಕ್ಕೆ ಇಬ್ಬರೂ ತುಂಬಾ ಹೊತ್ತು ತೆಗೆದುಕೊಂಡರು.